ಹೊಸ ಹೆವಿ ಮೆಟಲ್ ಎಲ್ಲಾ ಒಂದೇ ಥರ ಕೇಳಿಸುತ್ತಿದೆಯಾ?

ಪ್ರಶ್ನೆ: ನನಗೀಗ 44. ಶಾಲೆಗೆ ಹೋಗುವಾಗ ಐರನ್ ಮೇಡನ್, ಜುಡಾಸ್ ಪ್ರೀಸ್ಟ್ ಕ್ಯಾಸೆಟ್‌ಗಳನ್ನು ಟೇಪ್ ಸವೆಯುವ ತನಕ ಕೇಳಿದವನು. ನಡುವೆ ಹದಿನೈದು ವರ್ಷ ಬಿಟ್ಟುಹೋಗಿತ್ತು. ಎರಡು ವರ್ಷದಿಂದ ಮತ್ತೆ ಹುಚ್ಚು ಹತ್ತಿದೆ. ಹಳೇ ಶೈಲಿಯಲ್ಲೇ ನುಡಿಸುವ ಸಣ್ಣಪುಟ್ಟ ಬ್ಯಾಂಡ್‌ಗಳು ಇಷ್ಟೊಂದಿವೆ ಅಂತ ಗೊತ್ತೇ ಇರಲಿಲ್ಲ. ವಾರಕ್ಕೆ ನಾಲ್ಕೈದು ಹೊಸ ಆಲ್ಬಂ ಕೇಳುತ್ತೇನೆ. ಕೇಳುವಾಗ ಖುಷಿಯಾಗುತ್ತದೆ, ಮರುದಿನ ಒಂದು ಹಾಡೂ ನೆನಪಿರುವುದಿಲ್ಲ. ಎಲ್ಲವೂ 1983ರ ನಕಲಿನ ಹಾಗಿದೆ. ನನ್ನ ಕಿವಿಗೆ ವಯಸ್ಸಾಯಿತೋ, ಈ ಸಂಗೀತವೇ ಬತ್ತಿಹೋಯಿತೋ? ಒಂದು ಬ್ಯಾಂಡ್ ಮಾತ್ರ ತುಂಬಾ ಹಿಡಿಸಿತ್ತು. ಹುಡುಕಿ ನೋಡಿದರೆ ನಾಲ್ಕು ತಿಂಗಳಲ್ಲಿ ಮೂರು ಆಲ್ಬಂ ಹಾಕಿದ್ದಾರೆ, ಯಾರ ಮುಖವೂ ಇಲ್ಲ, ಹೆಸರೂ ಇಲ್ಲ. ಮನುಷ್ಯರೇ ನುಡಿಸಿದ್ದಾ ಅಂತ ಅನುಮಾನ. ಕೊನೆಯದಾಗಿ, ಒಂದು ಸಣ್ಣ ಲೇಬಲ್‌ನಲ್ಲಿ, ಅಂದರೆ ರೆಕಾರ್ಡ್ ಕಂಪನಿಯಲ್ಲಿ, ಎಲ್‌ಪಿ ಪ್ರೀ-ಆರ್ಡರ್ ಮಾಡಿ ಏಳು ತಿಂಗಳಾಯಿತು. ಎರಡು ಸಲ ದಿನಾಂಕ ಮುಂದೆ ಹೋಗಿದೆ. ದುಡ್ಡು ಹೋಯಿತು ಅಂದುಕೊಳ್ಳಲಾ? ಇನ್ನು ಮುಂದೆ ಹೊಸ ಬಿಡುಗಡೆಗಳನ್ನು ಹೇಗೆ ಆರಿಸಿಕೊಳ್ಳಲಿ?

ಉತ್ತರ: ನಿಮ್ಮ ಕಿವಿಗೆ ಏನೂ ಆಗಿಲ್ಲ. ಮೊದಲು ಆ ಚಿಂತೆ ಬಿಡಿ. ನಾನು ಹಲವು ವರ್ಷಗಳಿಂದ ಮೆಟಲ್ ಬ್ಯಾಂಡ್‌ಗಳ ಆಲ್ಬಂಗಳಿಗೆ ಮಾಸ್ಟರಿಂಗ್ ಮಾಡುತ್ತಿದ್ದೇನೆ. ಹಾಡು ಹೊರಗೆ ಹೋಗುವ ಮುನ್ನ ಕೊನೆಯದಾಗಿ ಕೇಳಿ, ಸರಿಮಾಡಿ ಕಳಿಸುವ ಕೆಲಸ ಅದು. ನೀವು ಹೇಳಿದ ಅನುಭವ ನನಗೂ ಆಗುತ್ತದೆ. ಅದರ ಕಾರಣದ ಅರ್ಧ ಕೇಳುವ ರೀತಿಯಲ್ಲಿದೆ, ಇನ್ನರ್ಧ ನಿಜವಾಗಿಯೂ ರೆಕಾರ್ಡಿಂಗ್‌ಗಳಲ್ಲಿದೆ.

ಕೇಳುವ ರೀತಿಯದ್ದು ಬರೀ ಲೆಕ್ಕ. ವಾರಕ್ಕೆ ಐದು ಆಲ್ಬಂ ಅಂದರೆ ವರ್ಷಕ್ಕೆ 260. ಕ್ಯಾಸೆಟ್ ಕಾಲದಲ್ಲಿ ನಿಮ್ಮ ಕೈಗೆ ವರ್ಷಕ್ಕೆ ಎಷ್ಟು ಸಿಗುತ್ತಿತ್ತು? ಆರು? ಎಂಟು? ಬೇರೆ ಏನೂ ಇಲ್ಲದ್ದಕ್ಕೇ ಅವನ್ನು ತಿರುಗಿಸಿ ತಿರುಗಿಸಿ ಹಾಕುತ್ತಿದ್ದಿರಿ. ಮೊದಲ ಸಲ ಹಿಡಿಸದ ಬಿ ಸೈಡ್ ಹಾಡು ಹತ್ತನೇ ಸಲ ನಿಮ್ಮದಾಗುತ್ತಿತ್ತು. ಈಗಿನ ಬ್ಯಾಂಡ್‌ಗೆ ನೀವು ಆ ಹತ್ತು ಅವಕಾಶ ಕೊಡುತ್ತಿಲ್ಲ. ಒಂದೇ ಸಲ ಕೇಳಿದ ಹೊಸಬರನ್ನು ಇನ್ನೂರು ಸಲ ಕೇಳಿದ ಹಳಬರ ಪಕ್ಕದಲ್ಲಿ ನಿಲ್ಲಿಸಿದರೆ ಯಾರು ಗೆಲ್ಲುತ್ತಾರೆ ಅಂತ ಮೊದಲೇ ಗೊತ್ತು, ಅಲ್ವಾ?

ಇನ್ನು ರೆಕಾರ್ಡಿಂಗ್ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಈ ಶೈಲಿಯ ಹೊರಮೈ ಅಂತ ಒಂದಿದೆ. ಕುದುರೆ ಓಡಿದ ಹಾಗೆ ಒಂದು ಉದ್ದ, ಎರಡು ಗಿಡ್ಡ ಪೆಟ್ಟಿನ ರಿಫ್, ಅಂದರೆ ಮತ್ತೆ ಮತ್ತೆ ಬರುವ ಗಿಟಾರ್ ನುಡಿ. ಎರಡು ಗಿಟಾರ್ ಒಂದೇ ರಾಗವನ್ನು ಬೇರೆ ಬೇರೆ ಸ್ವರದಿಂದ ಹಿಡಿದು ಜೊತೆಯಾಗಿ ಸಾಗುವುದು. ಎತ್ತರದ ದನಿ. ದೊಡ್ಡ ಹಜಾರದಲ್ಲಿ ಬಾರಿಸಿದ ಹಾಗೆ ಗುಂಯ್‌ಗುಡುವ ಸ್ನೇರ್ ಡ್ರಮ್. ನಲವತ್ತು ವರ್ಷದ ಹಿಂದೆ ಇದನ್ನೆಲ್ಲ ಹೊಂದಿಸಲು ದೊಡ್ಡ ಕೋಣೆ, ದುಬಾರಿ ಆಂಪ್ಲಿಫೈಯರ್, ವರ್ಷಗಟ್ಟಲೆ ಅಭ್ಯಾಸ ಬೇಕಿತ್ತು. ಈಗ ಮಾರ್ಷಲ್ ಜೆಸಿಎಂ 800 ಆಂಪ್ಲಿಫೈಯರ್‌ನ ಸದ್ದು ಸಾಫ್ಟ್‌ವೇರ್‌ನಲ್ಲಿ ಸಿಗುತ್ತದೆ, ಡ್ರಮ್ ಸದ್ದು ರೆಡಿಮೇಡ್ ಸಿಗುತ್ತದೆ. ಹೊರಮೈ ಸುಲಭವಾಗಿದೆ. ಹಾಡು ಕಟ್ಟುವುದು ಮಾತ್ರ ಅಷ್ಟೇ ಕಷ್ಟವಾಗಿ ಉಳಿದಿದೆ. ಮೊದಲ ಸಲ ಕೇಳಿದಾಗ ನಿಮಗೆ ಆಗುವ ಖುಷಿ ಹೊರಮೈಯದ್ದು. ಮರುದಿನ ನೆನಪಿರುವುದು ಹಾಡು. ಅದು ಗಟ್ಟಿಯಿಲ್ಲದಿದ್ದರೆ ನೆನಪಿನಲ್ಲಿ ಏನು ಉಳಿದೀತು?

ನನ್ನ ಮೇಜಿನ ಮೇಲೆ ಇದು ಕಣ್ಣಿಗೇ ಕಾಣುತ್ತದೆ. ಒಂದಕ್ಕೊಂದು ಸಂಬಂಧವೇ ಇಲ್ಲದ ಬ್ಯಾಂಡ್‌ಗಳು ಕಳಿಸಿದ ಫೈಲ್‌ಗಳಲ್ಲಿ ಅದೇ ಸ್ನೇರ್ ಸದ್ದು, ಪ್ರತಿ ಪೆಟ್ಟೂ ಅಷ್ಟೇ ಜೋರು. ಡ್ರಮ್ಮರ್ ಬಾರಿಸಿದ್ದನ್ನು ಕಂಪ್ಯೂಟರ್‌ನಲ್ಲಿ ಎಳೆದು ತಾಳದ ಗೆರೆಯ ಮೇಲೆ ಕರಾರುವಾಕ್ಕಾಗಿ ಕೂರಿಸಿರುತ್ತಾರೆ. ತಪ್ಪು ಅಂತಲ್ಲ, ಆದರೆ ಅದರ ಜೊತೆ ಇನ್ನೊಂದು ಹೊರಟುಹೋಗುತ್ತದೆ. ಹಳೇ ರೆಕಾರ್ಡ್‌ಗಳನ್ನು ಗಮನವಿಟ್ಟು ಕೇಳಿ. ಪಲ್ಲವಿ ಬರುವ ಹೊತ್ತಿಗೆ ಬ್ಯಾಂಡ್ ಒಂಚೂರು ಮುಂದಕ್ಕೆ ನುಗ್ಗಿರುತ್ತದೆ, ಸೋಲೋ ಮುಗಿದ ಮೇಲೆ ಒಂಚೂರು ಉಸಿರು ಬಿಟ್ಟಿರುತ್ತದೆ. ಆ ಎಳೆತ ನಮಗೆ ಗೊತ್ತಿಲ್ಲದೆಯೇ ಮೈಯನ್ನು ತಟ್ಟುತ್ತದೆ. ಗೆರೆಯ ಮೇಲೆ ಕೂತ ತಾಳದಲ್ಲಿ ಅದು ಇರುವುದಿಲ್ಲ.

ಎರಡನೇ ಕಾರಣ ಸದ್ದಿನ ಪ್ರಮಾಣ. ಎಲ್ಲರಿಗಿಂತ ಜೋರಾಗಿ ಕೇಳಿಸಬೇಕು ಅಂತ ಪೂರ್ತಿ ಹಾಡನ್ನು ಒತ್ತಿ ಒತ್ತಿ ಇಟ್ಟಿಗೆಯ ಹಾಗೆ ಮಾಡಿಬಿಡುತ್ತಾರೆ. ಆಗ ಚರಣವೂ ಅಷ್ಟೇ ಜೋರು, ಪಲ್ಲವಿಯೂ ಅಷ್ಟೇ ಜೋರು. ಪಲ್ಲವಿ ಬಂದಾಗ ಎದೆ ಉಬ್ಬಬೇಕಾದ ಜಾಗದಲ್ಲಿ ಏನೂ ಆಗುವುದಿಲ್ಲ. ಇದರ ಅಗತ್ಯವೂ ಈಗ ಇಲ್ಲ. ಸ್ಪಾಟಿಫೈ ಎಲ್ಲಾ ಹಾಡುಗಳನ್ನೂ ಮಾಮೂಲಿಯಾಗಿ -14 ಎಲ್‌ಯುಎಫ್‌ಎಸ್ (ಸದ್ದಿನ ಜೋರು ಅಳೆಯುವ ಮಾಪು) ಅನ್ನುವ ಮಟ್ಟಕ್ಕೆ ತಂದು ನುಡಿಸುತ್ತದೆ. ಒತ್ತಿ ಜೋರು ಮಾಡಿದ್ದನ್ನು ಅದು ಅಲ್ಲಿ ತಗ್ಗಿಸಿಬಿಡುತ್ತದೆ. ಕೊನೆಗೆ ಉಳಿಯುವುದು ಒತ್ತಿದ ಗಾಯ ಮಾತ್ರ. ಸ್ವಲ್ಪ ಜಾಗ ಬಿಡೋಣ ಅಂತ ನಾನು ಬ್ಯಾಂಡ್‌ಗಳಿಗೆ ಪ್ರತಿ ಸಲ ಹೇಳುತ್ತೇನೆ. ಕೆಲವರು ಒಪ್ಪುತ್ತಾರೆ.

ಹಾಗಂತ ಎಲ್ಲವೂ 1983ರ ನಕಲು ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಭಾಮಿನಿ ಷಟ್ಪದಿಯಲ್ಲಿ ಎಷ್ಟು ಕವಿಗಳು ಬರೆದರು! ಸಾಲು ಆರೇ, ಮಾತ್ರೆಗಳ ಲೆಕ್ಕವೂ ಅದೇ. ಅವರೆಲ್ಲ ಒಬ್ಬರನ್ನೊಬ್ಬರು ನಕಲು ಮಾಡಿದರು ಅಂತ ನಾವು ಅನ್ನುವುದಿಲ್ಲ. ಆ ಕಟ್ಟಿನೊಳಗೆ ಯಾರು ಏನು ಹೇಳಿದರು ಅಂತ ನೋಡುತ್ತೇವೆ. ಟ್ರೆಡಿಷನಲ್ ಹೆವಿ ಮೆಟಲ್ ಕೂಡ ಈಗ ಅಂಥ ಒಂದು ಕಟ್ಟು.

ಇನ್ನೊಂದು ಮಾತು. 1983 ಅನ್ನುವುದು ಒಂದೇ ಸದ್ದಾಗಿರಲಿಲ್ಲ. ಇಂಗ್ಲೆಂಡಿನ ಸೌಂಡ್ಸ್ ಪತ್ರಿಕೆಯಲ್ಲಿ ಜೆಫ್ ಬಾರ್ಟನ್ 1979ರಲ್ಲಿ ಬರೆದ ಲೇಖನದಿಂದ 'ನ್ಯೂ ವೇವ್ ಆಫ್ ಬ್ರಿಟಿಷ್ ಹೆವಿ ಮೆಟಲ್' ಅನ್ನುವ ಹೆಸರು ಓಡಾಡತೊಡಗಿತು. ಅದೇ ವರ್ಷ ಐರನ್ ಮೇಡನ್ ತಮ್ಮ ಮೊದಲ ಪುಟ್ಟ ರೆಕಾರ್ಡನ್ನು 5,000 ಪ್ರತಿ ಮಾಡಿಸಿ ತಾವೇ ಅಂಚೆಯಲ್ಲಿ ಮಾರಿದರು. ಡೈಮಂಡ್ ಹೆಡ್ 1980ರಲ್ಲಿ ಮೊದಲ ಆಲ್ಬಂ ಅನ್ನು ಖಾಲಿ ಬಿಳಿ ಕವರ್‌ನಲ್ಲಿ ತಾವೇ ಹೊರತಂದರು. ಅದರ ಹಾಡುಗಳನ್ನು ಮುಂದೆ ಮೆಟಾಲಿಕಾ ನುಡಿಸಿ ಲೋಕಕ್ಕೆಲ್ಲ ಕೇಳಿಸಿತು. ಅತ್ತ ಅಮೆರಿಕದ ಕ್ಯಾನ್ಸಸ್‌ನಲ್ಲಿ ಮನಿಲಾ ರೋಡ್ 1983ರಲ್ಲಿ ಕ್ರಿಸ್ಟಲ್ ಲಾಜಿಕ್ ಆಲ್ಬಂ ಅನ್ನು ತಮ್ಮದೇ ಲೇಬಲ್‌ನಲ್ಲಿ ತಂದರು. ಅಂದರೆ ಅಂಡರ್‌ಗ್ರೌಂಡ್, ದೊಡ್ಡ ಕಂಪನಿಗಳ ಹೊರಗೆ ಬದುಕುವುದು, ಈ ಸಂಗೀತಕ್ಕೆ ಆಮೇಲೆ ಬಂದ ಗತಿಯಲ್ಲ. ಇದು ಹುಟ್ಟಿದ್ದೇ ಹಾಗೆ, ಸ್ವಂತ ದುಡ್ಡಿನಲ್ಲಿ.

ಕ್ಯಾಲಿಫೋರ್ನಿಯಾದ ವೆಂಚುರಾ ಊರಿನ ಸಿರಿತ್ ಉಂಗೋಲ್ ಬ್ಯಾಂಡ್‌ನ ಕಥೆ ನನಗೆ ತುಂಬಾ ಹತ್ತಿರ. ಆ ಗಾಯಕನ ಕರ್ಕಶ ದನಿ, ನಿಧಾನದ ಭಾರ ಆಗ ಹೆಚ್ಚಿನವರಿಗೆ ಹಿಡಿಸಲಿಲ್ಲ. 1991ರ ಆಲ್ಬಂ ನಂತರ ಬ್ಯಾಂಡ್ ಮುಚ್ಚಿಹೋಯಿತು. ಆದರೆ ಹುಡುಕಿ ಕೇಳುವವರು ಬಿಡಲಿಲ್ಲ. ಎರಡು ದಶಕ ದಾಟಿದ ಮೇಲೆ ಅವರು ಮತ್ತೆ ಸೇರಿದರು. 2020ರಲ್ಲಿ ಫಾರೆವರ್ ಬ್ಲ್ಯಾಕ್, 2023ರಲ್ಲಿ ಡಾರ್ಕ್ ಪರೇಡ್ ಬಂದವು. ಅವರನ್ನು ಮತ್ತೆ ವೇದಿಕೆಗೆ ತರುವುದರಲ್ಲಿ ಅದೇ ವೆಂಚುರಾ ಊರಿನ ನೈಟ್ ಡೀಮನ್ ಬ್ಯಾಂಡ್‌ನ ಜಾರ್ವಿಸ್ ಲೆದರ್‌ಬಿ ಪಾತ್ರ ದೊಡ್ಡದು. ಆತ ಅವರ ಜೊತೆ ಬಾಸ್ ಕೂಡ ನುಡಿಸಿದ. ಈಗಿನ ಒಳ್ಳೆಯ ಬ್ಯಾಂಡ್‌ಗಳು ಹೋಗುತ್ತಿರುವುದು ಇಂಥ ಅರ್ಧಕ್ಕೆ ನಿಂತ ದಾರಿಗಳಲ್ಲೇ. ಮೇಡನ್, ಪ್ರೀಸ್ಟ್ ಹೆದ್ದಾರಿಯಲ್ಲಿ ಮಾತ್ರ ಹುಡುಕಿದರೆ ಇವು ಕಣ್ಣಿಗೆ ಬೀಳುವುದಿಲ್ಲ.

ನಿಮಗೊಂದು ಪ್ರಯೋಗ ಹೇಳುತ್ತೇನೆ. ಟೆಕ್ಸಸ್‌ನ ಎಟರ್ನಲ್ ಚಾಂಪಿಯನ್ ಬ್ಯಾಂಡ್‌ನ ರೇವನಿಂಗ್ ಐರನ್ (2020), ಫಿಲಡೆಲ್ಫಿಯಾದ ಸಮರ್‌ಲ್ಯಾಂಡ್ಸ್‌ನ ಡ್ರೀಮ್‌ಕಿಲ್ಲರ್ (2022), ಎರಡನ್ನೂ ಒಂದರ ಹಿಂದೆ ಒಂದು ಹಾಕಿ. ಆರ್ಥರ್ ರಿಜ್ಕ್ ಎರಡರಲ್ಲೂ ನುಡಿಸುತ್ತಾರೆ, ಎರಡರ ಸದ್ದನ್ನು ಕಟ್ಟುವ ಕೈಯೂ ಅವರದ್ದೇ. ಮೊದಲನೆಯದರಲ್ಲಿ ಗಿಟಾರ್ ಕಬ್ಬಿಣದ ಹಾಗೆ ಒಣಗಿದೆ, ಭಾರವಾಗಿದೆ. ಗಾಯಕ ಜೇಸನ್ ಟಾರ್ಪಿ ಹಾಡನ್ನು ಎಳೆಯುವುದಿಲ್ಲ, ಘೋಷಣೆ ಕೂಗುವ ಹಾಗೆ ನಿಂತು ಹೇಳುತ್ತಾರೆ. ಎರಡನೆಯದರಲ್ಲಿ ಅದೇ ಭಾರದ ಮೇಲೆ ಮಂಜು ಕವಿದಂತೆ ಕೀಬೋರ್ಡ್ ಇದೆ. ಬ್ರೆಂಡನ್ ರಾಡಿಗನ್ ದನಿಯಲ್ಲಿ ಕೋಪಕ್ಕಿಂತ ದುಃಖ ಜಾಸ್ತಿ. ಕೈ ಅದೇ, ಕಟ್ಟೂ ಅದೇ, ಆದರೆ ಎರಡು ಬೇರೆ ಬೇರೆ ಲೋಕ. ಇವೆರಡರ ವ್ಯತ್ಯಾಸ ನಿಮ್ಮ ಕಿವಿಗೆ ಸಿಕ್ಕರೆ 'ಎಲ್ಲಾ ಒಂದೇ' ಅನ್ನುವ ಭಾವನೆ ತಾನಾಗಿ ಕರಗುತ್ತದೆ. ಸಿಗುತ್ತದೆ, ನನಗೆ ನಂಬಿಕೆ ಇದೆ.

ಅಲ್ಲಿಂದ ಮುಂದೆ ನಿಮ್ಮ ರುಚಿಯಂತೆ ಹೋಗಬಹುದು. ಮಿಂಚಿನ ವೇಗ, ಕಿರುಚುವ ಎತ್ತರ ಬೇಕಾದರೆ ಕ್ಯಾಲ್ಗರಿಯ ರಯಟ್ ಸಿಟಿ ಬ್ಯಾಂಡ್‌ನ ಎಲೆಕ್ಟ್ರಿಕ್ ಎಲೀಟ್ (2022). ಅದೇ ಊರಿನ ಟ್ರಾವೆಲರ್ ಕೂಡ ಇದೆ, ಅವರದ್ದು ಇನ್ನೂ ಸ್ವಲ್ಪ ರಾಗದ ಕಡೆ. ವಿಚ್ ಹೇಜಲ್ ಅನ್ನುವ ಇಂಗ್ಲೆಂಡಿನ ಬ್ಯಾಂಡ್ 70ರ ದಶಕದ ಅವಳಿ ಗಿಟಾರ್ ಸೊಗಸನ್ನು ಭಕ್ತಿಗೀತೆಯ ಭಾವಕ್ಕೆ ಹೊಲಿದಿದೆ. ಅದರ ಸ್ಯಾಕ್ರಮೆಂಟ್ (2023) ನಾನು ಇಡೀ ವರ್ಷ ಕೇಳಿದ ಆಲ್ಬಂ. ನಿಧಾನವಾಗಿ, ಹತ್ತು ನಿಮಿಷ ಬೆಳೆಯುವ ಹಾಡು ಬೇಕು ಅನ್ನಿಸಿದರೆ ಜರ್ಮನಿಯ ಅಟ್ಲಾಂಟಿಯನ್ ಕೋಡೆಕ್ಸ್. ಅವರು 2013ರ ಆಲ್ಬಂ ನಂತರ ಇನ್ನೊಂದಕ್ಕೆ ಆರು ವರ್ಷ ತೆಗೆದುಕೊಂಡರು, ಆ ಆರು ವರ್ಷ ಹಾಡುಗಳಲ್ಲಿ ಕೇಳಿಸುತ್ತದೆ. ಕೆನಡಾದಲ್ಲಿ ಶುರುವಾದ ಸ್ಮೋಲ್ಡರ್ ಕತ್ತಿ-ಮಂತ್ರದ ಕಥೆಗಳನ್ನು ಒಬ್ಬ ಹೆಂಗಸಿನ ಗಟ್ಟಿ ದನಿಯಲ್ಲಿ ಹೇಳುತ್ತದೆ.

ಇವನ್ನೆಲ್ಲ ಒಂದೇ ವಾರದಲ್ಲಿ ಕೇಳಬೇಡಿ. ನಾನು ಕೆಲಸಕ್ಕಲ್ಲದೆ ನನಗೋಸ್ಕರ ಕೇಳುವಾಗ ಹದಿನೈದು ದಿನಕ್ಕೆ ಎರಡೇ ಹೊಸ ಆಲ್ಬಂ ಇಟ್ಟುಕೊಳ್ಳುತ್ತೇನೆ. ಒಂದು ಸಲ ಸಾಹಿತ್ಯ ಕೈಯಲ್ಲಿ ಹಿಡಿದು. ಒಂದು ಸಲ ಬೇರೆ ಕೆಲಸ ಮಾಡುತ್ತಾ. ಇನ್ನೊಂದು ಸಲ ಸದ್ದನ್ನು ಪಕ್ಕದವರ ಮಾತು ಕೇಳಿಸುವಷ್ಟು ತಗ್ಗಿಸಿ. ಈ ಕೊನೆಯದು ನಮ್ಮ ಕೆಲಸದಲ್ಲಿ ಹಳೇ ಪರೀಕ್ಷೆ. ಸದ್ದು ಜೋರಿದ್ದಾಗ ಎಲ್ಲ ರಿಫ್ ಕೂಡ ದೊಡ್ಡದೇ. ತಗ್ಗಿಸಿದಾಗ ಹೊರಮೈ ಕಳಚಿ ಬೀಳುತ್ತದೆ. ಆಗಲೂ ಕಾಲು ತಾಳ ಹಾಕಿದರೆ ಅಲ್ಲಿ ಹಾಡಿದೆ. ಆಮೇಲೆ ಎರಡು ದಿನ ಸುಮ್ನೆ ಬಿಟ್ಟುಬಿಡಿ. ಮೂರನೇ ದಿನ ಬೆಳಿಗ್ಗೆ ಏನಾದರೂ ಗುನುಗಲು ಬರುತ್ತದಾ ನೋಡಿ. ಬಂದರೆ ಆಲ್ಬಂ ಕೊಂಡುಕೊಳ್ಳಿ. ಬರದಿದ್ದರೆ ಬೇಸರವಿಲ್ಲದೆ ಮುಂದೆ ಹೋಗಿ.

ಈಗ ಮುಖವಿಲ್ಲದ ಆ ಬ್ಯಾಂಡ್. ನಿಮ್ಮ ಅನುಮಾನ ಸುಮ್ಮನೆ ಬಂದದ್ದಲ್ಲ. 2025ರ ಮಧ್ಯದಲ್ಲಿ ದಿ ವೆಲ್ವೆಟ್ ಸನ್‌ಡೌನ್ ಅನ್ನುವ ರಾಕ್ 'ಬ್ಯಾಂಡ್' ಸ್ಪಾಟಿಫೈನಲ್ಲಿ ತಿಂಗಳಿಗೆ ಹತ್ತು ಲಕ್ಷಕ್ಕೂ ಹೆಚ್ಚು ಕೇಳುಗರನ್ನು ಸಂಪಾದಿಸಿತು. ಅದರ ಸಂಗೀತ ಎಐ ಸಹಾಯದಿಂದ ತಯಾರಾದದ್ದು ಅಂತ ಆಮೇಲೆ ಅವರೇ ಒಪ್ಪಿಕೊಂಡರು. ಹೊರಮೈ ಗಟ್ಟಿಯಾಗಿ ಗುರುತಿಸಬಲ್ಲ ಯಾವ ಶೈಲಿಯನ್ನಾದರೂ ಯಂತ್ರ ಬೇಗ ಕಲಿಯುತ್ತದೆ. ನಮ್ಮ ಶೈಲಿಯ ಹೊರಮೈ ತುಂಬಾ ಗಟ್ಟಿ.

ಆದರೆ ಇಲ್ಲಿ ಅವಸರದ ತೀರ್ಪು ಬೇಡ. ಮುಖ ತೋರಿಸದಿರುವುದು, ಒಬ್ಬರೇ ಎಲ್ಲ ನುಡಿಸುವುದು ಮೆಟಲ್‌ನಲ್ಲಿ ಹಳೇ ರೂಢಿ. ಶಿಕಾಗೋದ ಹೈ ಸ್ಪಿರಿಟ್ಸ್ ಆಲ್ಬಂಗಳಲ್ಲಿ ಗಿಟಾರ್, ಬಾಸ್, ಡ್ರಮ್ಸ್, ದನಿ ಎಲ್ಲವೂ ಕ್ರಿಸ್ ಬ್ಲ್ಯಾಕ್ ಒಬ್ಬರದ್ದೇ. ವೇದಿಕೆಯಲ್ಲಿ ಮಾತ್ರ ಪೂರ್ತಿ ಬ್ಯಾಂಡ್ ಇರುತ್ತದೆ. ಹಾಗಾಗಿ ಮುಖ ಇಲ್ಲ ಅನ್ನುವುದೊಂದೇ ಸಾಕ್ಷಿಯಾಗುವುದಿಲ್ಲ. ನಾನು ನೋಡುವುದು ಬೇರೆ. ಯಾರು ರೆಕಾರ್ಡ್ ಮಾಡಿದರು, ಯಾರು ಮಾಸ್ಟರ್ ಮಾಡಿದರು ಅಂತ ಹೆಸರಿದೆಯಾ? ಆ ಹೆಸರಿನವರು ಬೇರೆ ಕಡೆ ಕೆಲಸ ಮಾಡಿದ್ದಾರಾ? 2002ರಿಂದ ನಡೆಯುತ್ತಿರುವ ಮೆಟಲ್ ಆರ್ಕೈವ್ಸ್ ಅನ್ನುವ ಆನ್‌ಲೈನ್ ಬ್ಯಾಂಡ್ ಕೋಶದಲ್ಲಿ ಬ್ಯಾಂಡ್ ಇದೆಯಾ? ಎಲ್ಲಾದರೂ ನಾಲ್ಕು ಜನರ ಮುಂದೆ ನುಡಿಸಿದ ಒಂದು ಕೆಟ್ಟ ವಿಡಿಯೋ ಆದರೂ ಇದೆಯಾ? ಕಿವಿಗೂ ಕೆಲವು ಸುಳಿವು ಸಿಗುತ್ತವೆ. ಡ್ರಮ್ಸ್‌ನ ಸಿಂಬಲ್ (ಕಂಚಿನ ತಟ್ಟೆ) ಸದ್ದು ತುಂಡು ತುಂಡಾಗಿ ಕೇಳಿಸದೆ ಗಾಳಿಯ ಸುಂಯ್‌ನಂತೆ ಕಲಸಿಹೋಗಿರುವುದು, ಸೋಲೋ ಎಲ್ಲಿಗೂ ತಲುಪದೆ ಸುತ್ತುವುದು. ಆದರೆ ಬರೀ ಕಿವಿಯ ಮೇಲೆ ನಾನು ಯಾರನ್ನೂ ಯಂತ್ರ ಅಂತ ಕರೆಯುವುದಿಲ್ಲ. ಮನೆಯಲ್ಲಿ ಕಷ್ಟಪಟ್ಟು ರೆಕಾರ್ಡ್ ಮಾಡಿದ ಹುಡುಗನೊಬ್ಬನಿಗೆ ಆ ಮಾತು ತಗುಲಿದರೆ ಅದು ದೊಡ್ಡ ಅನ್ಯಾಯ. ಬ್ಯಾಂಡ್‌ಗೇ ಒಂದು ಸಾಲು ಬರೆದು ಕೇಳಿ. ಸಣ್ಣ ಬ್ಯಾಂಡ್‌ಗಳು ಕೇಳುಗರ ಪತ್ರಕ್ಕೆ ಖುಷಿಯಿಂದ ಉತ್ತರಿಸುತ್ತವೆ. ನಾಲ್ಕು ತಿಂಗಳಲ್ಲಿ ಮೂರು ಆಲ್ಬಂ, ಒಂದೂ ಹೆಸರಿಲ್ಲ, ಉತ್ತರವೂ ಇಲ್ಲ ಅಂದರೆ ನಾನಾಗಿದ್ದರೆ ಅಲ್ಲಿ ದುಡ್ಡು ಹಾಕುವುದಿಲ್ಲ.

ಆರಿಸಿಕೊಳ್ಳುವುದು ಹೇಗೆ ಅಂತ ಕೇಳಿದ್ದೀರಿ. ಈಗ ನೀವು ಸ್ಟ್ರೀಮಿಂಗ್ ಆ್ಯಪ್ ತೋರಿಸಿದ್ದನ್ನು ಕೇಳುತ್ತಿದ್ದೀರಿ ಅಂತ ಅಂದಾಜು. ಅದು ಸುಲಭ, ಖರ್ಚೂ ಕಮ್ಮಿ. ಆದರೆ ನೀವು ಕೇಳಿದ್ದಕ್ಕೆ ಹೋಲುವುದನ್ನೇ ಅದು ಹುಡುಕಿ ಕೊಡುತ್ತದೆ. 'ಎಲ್ಲಾ ಒಂದೇ ಥರ' ಅನ್ನಿಸುವುದರಲ್ಲಿ ಅದರ ಪಾಲೂ ದೊಡ್ಡದಿದೆ. ಬ್ಯಾಂಡ್‌ಗೆ ಅದರಿಂದ ಸಿಗುವುದೂ ಅಷ್ಟಕ್ಕಷ್ಟೇ. 2024ರಿಂದ ಸ್ಪಾಟಿಫೈನಲ್ಲಿ ಹಿಂದಿನ 12 ತಿಂಗಳಲ್ಲಿ 1,000 ಸಲವಾದರೂ ಕೇಳದ ಹಾಡಿಗೆ ಏನೂ ಸಿಗುವುದಿಲ್ಲ. ಅಂಡರ್‌ಗ್ರೌಂಡ್ ಬ್ಯಾಂಡ್‌ಗಳ ಎಷ್ಟೋ ಹಾಡುಗಳು ಆ ಗೆರೆಯ ಕೆಳಗೇ ಇರುತ್ತವೆ.

ಆ್ಯಪ್ ಬದಲು ಮನುಷ್ಯರನ್ನು ಹಿಂಬಾಲಿಸಿ. ಈ ಲೋಕದಲ್ಲಿ ಲೇಬಲ್ ಅಂದರೆ ಹೆಚ್ಚಾಗಿ ಒಬ್ಬಿಬ್ಬರ ರುಚಿ. ರೋಮ್‌ನ ಕ್ರೂಜ್ ಡೆಲ್ ಸೂರ್, ಅಥೆನ್ಸ್‌ನ ನೋ ರಿಮೋರ್ಸ್, ಜರ್ಮನಿಯ ಹೈ ರೋಲರ್, ಡೈಯಿಂಗ್ ವಿಕ್ಟಿಮ್ಸ್, ಇವುಗಳಲ್ಲಿ ನಿಮಗೆ ಒಗ್ಗುವ ಎರಡನ್ನು ಹಿಡಿದುಕೊಳ್ಳಿ. 2015ರಿಂದ ಲೋಕದಾದ್ಯಂತ ಹೊಸ ಆಲ್ಬಂಗಳು ಸಾಮಾನ್ಯವಾಗಿ ಶುಕ್ರವಾರ ಬರುತ್ತವೆ. ಆ ಒಂದು ದಿನ ನೋಡಿದರೆ ಸಾಕು. ಇದರಲ್ಲಿರುವ ಅಪಾಯ ಅಂದರೆ ಆ ಲೇಬಲ್‌ನವರ ರುಚಿಯೇ ನಿಮ್ಮ ಬೇಲಿಯಾಗಬಹುದು. ಅದಕ್ಕೆ ನಾನು ವರ್ಷಕ್ಕೊಮ್ಮೆ ದೊಡ್ಡ ಮೇಳಗಳ ಬ್ಯಾಂಡ್ ಪಟ್ಟಿ ಓದುತ್ತೇನೆ. ಜರ್ಮನಿಯ ಲೌಡಾ-ಕೊನಿಗ್ಸ್‌ಹೋಫನ್‌ನಲ್ಲಿ 2003ರಲ್ಲಿ ಶುರುವಾದ ಕೀಪ್ ಇಟ್ ಟ್ರೂ, ಅಥೆನ್ಸ್‌ನ ಅಪ್ ದ ಹ್ಯಾಮರ್ಸ್, ಹ್ಯೂಸ್ಟನ್‌ನ ಹೆಲ್ಸ್ ಹೀರೋಸ್. ಹೋಗಬೇಕಂತಿಲ್ಲ. ಪಟ್ಟಿಯಲ್ಲಿ ಸಣ್ಣ ಅಕ್ಷರದಲ್ಲಿರುವ ಮೂರು ಹೆಸರು ಆರಿಸಿ ಕೇಳಿದರೆ ಸಾಕು. ಅಲ್ಲಿಗೆ ಬರುವ ಬ್ಯಾಂಡ್ ವೇದಿಕೆಯ ಮೇಲೆ ನಿಂತು ನುಡಿಸಲೇಬೇಕು. ಹಾಗಾಗಿ ನಿಮ್ಮ ಇನ್ನೊಂದು ಅನುಮಾನವೂ ಅಲ್ಲಿಗೇ ತೀರುತ್ತದೆ.

ಕೊಳ್ಳುವುದಾದರೆ, ಬ್ಯಾಂಡ್‌ಗಳು ನೇರವಾಗಿ ಮಾರುವ ಬ್ಯಾಂಡ್‌ಕ್ಯಾಂಪ್ ಜಾಲತಾಣದಲ್ಲಿ ಡಿಜಿಟಲ್ ಕೊಳ್ಳುವುದು ಎಲ್ಲಕ್ಕಿಂತ ಕಡಿಮೆ ತಲೆನೋವಿನದು. ಡಿಜಿಟಲ್ ಮಾರಾಟದಲ್ಲಿ ಅವರ ಪಾಲು ಶೇ 15, ಸಾಮಾನುಗಳಲ್ಲಿ ಶೇ 10. 2020ರಲ್ಲಿ ಶುರು ಮಾಡಿದ ಬ್ಯಾಂಡ್‌ಕ್ಯಾಂಪ್ ಫ್ರೈಡೇ ದಿನಗಳಲ್ಲಿ ಆ ಪಾಲನ್ನೂ ಬಿಡುತ್ತಾರೆ. ಕೊಂಡ ಮೇಲೆ ಎಫ್‌ಎಲ್‌ಎಸಿ (ಸದ್ದಿನ ಗುಣಮಟ್ಟ ಕುಂದದ) ಫೈಲ್ ಇಳಿಸಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಬ್ಯಾಂಡ್ ಮುರಿದಾಗ, ಲೇಬಲ್ ಬದಲಾದಾಗ ಆಲ್ಬಂ ಅಲ್ಲಿಂದ ಮಾಯವಾಗುವುದುಂಟು. ಕ್ಯಾಸೆಟ್ ಮೇಲೆ ನಿಮಗೆ ಮಮತೆ ಇರಬಹುದು. ಸಣ್ಣ ಬ್ಯಾಂಡ್‌ಗಳು ಈಗಲೂ ನೂರಿನ್ನೂರು ಪ್ರತಿ ಮಾಡಿಸುತ್ತವೆ, ಅಗ್ಗವಾಗಿಯೂ ಸಿಗುತ್ತವೆ. ಆದರೆ ಸುಸ್ಥಿತಿಯಲ್ಲಿರುವ ಡೆಕ್ ಇಲ್ಲದಿದ್ದರೆ ಅದು ಕಪಾಟಿನ ಅಲಂಕಾರ ಅಷ್ಟೇ. 'ಬರೀ 300 ಪ್ರತಿ' ಅನ್ನುವ ಮಾತಿಗೆ ಹೆದರಿ ಯಾವುದನ್ನೂ ಕೊಳ್ಳಬೇಡಿ. 300 ಅನ್ನುವುದು ಅಚ್ಚಿನ ಖರ್ಚಿನ ಲೆಕ್ಕ, ಹಾಡು ಚೆನ್ನಾಗಿದೆ ಅಂತ ಅಲ್ಲ. ಹಾಡು ಚೆನ್ನಾಗಿದ್ದು ಬೇಡಿಕೆ ಬಂದರೆ ಎಷ್ಟೋ ಸಲ ಮತ್ತೆ ಅಚ್ಚಾಗುತ್ತದೆ.

ಇನ್ನು ನಿಮ್ಮ ಎಲ್‌ಪಿ. ಏಳು ತಿಂಗಳು ಅಂದರೆ ಮೋಸ ಅಂತಲೇ ಅಲ್ಲ. ಯಾಕೆ ತಡವಾಗುತ್ತದೆ ಅಂತ ನಾನು ನೋಡಿದ್ದನ್ನೇ ಹೇಳುತ್ತೇನೆ.

ಎಲ್‌ಪಿ ಅಚ್ಚಿಗೆ ಮೊದಲು ಸಾಮಾನ್ಯವಾಗಿ ಒಂದು ಲ್ಯಾಕರ್ ತಟ್ಟೆಯ ಮೇಲೆ ಗೀರು ಕೆತ್ತಬೇಕು. ಈ ತಟ್ಟೆ ಮಾಡುವ ದೊಡ್ಡ ಕಾರ್ಖಾನೆಗಳು ಲೋಕದಲ್ಲಿ ಎರಡೇ ಇದ್ದವು. ಅದರಲ್ಲಿ ಒಂದು, ಕ್ಯಾಲಿಫೋರ್ನಿಯಾದ ಅಪೊಲೊ ಮಾಸ್ಟರ್ಸ್, 2020ರ ಫೆಬ್ರವರಿಯಲ್ಲಿ ಸುಟ್ಟುಹೋಯಿತು. ಜಪಾನಿನದ್ದೊಂದು ಉಳಿಯಿತು. ಅದೇ ಹೊತ್ತಿಗೆ ಎಲ್‌ಪಿ ಬೇಡಿಕೆಯೂ ಏರಿತು. ಆಮೇಲಿನ ಎರಡು ವರ್ಷ ಸಾಲು ಎಷ್ಟು ಉದ್ದವಾಯಿತು ಅಂದರೆ ವರ್ಷ ಕಾಯುವುದೂ ಮಾಮೂಲಾಯಿತು. ಈಗ ಪರಿಸ್ಥಿತಿ ಸುಧಾರಿಸಿದೆ. ಆದರೂ ದೊಡ್ಡ ಕಂಪನಿಯ ಲಕ್ಷ ಪ್ರತಿಯ ಕೆಲಸ ಬಂದಾಗ 300 ಪ್ರತಿಯವರು ಹಿಂದೆ ಸರಿಯಬೇಕಾಗುತ್ತದೆ.

ಕೆಲವೊಮ್ಮೆ ತಡ ಆಗುವುದು ಒಳ್ಳೆಯದಕ್ಕೇ. ವರ್ಷಗಳ ಹಿಂದೆ ಒಂದು ಬ್ಯಾಂಡ್‌ನ ಎಲ್‌ಪಿಗೆ ನಾನು ಮಾಸ್ಟರ್ ಮಾಡಿದ್ದೆ. ಮೊದಲ ಬದಿ 24 ನಿಮಿಷ, ಸ್ವಲ್ಪ ಜಾಸ್ತಿಯೇ. ಅದರ ಕೊನೆಯ ಹಾಡಿನ ಕೊನೆಯಲ್ಲಿ ಗಾಯಕಿ ಒಂದು ಎತ್ತರದ ಸ್ವರ ಹಿಡಿದು ಬಿಡುವುದೇ ಇಲ್ಲ. ಸ್ಟುಡಿಯೋದಲ್ಲಿ ಅದನ್ನು ಕೇಳಿದಾಗ ಮೈ ಜುಮ್ಮೆಂದಿತ್ತು. ಪರೀಕ್ಷೆಗೆ ಬಂದ ಮೊದಲ ಪ್ರತಿಯನ್ನು (ಟೆಸ್ಟ್ ಪ್ರೆಸಿಂಗ್) ಹಾಕಿ ಕಾದು ಕೂತೆ. ಆ ಸ್ವರ ಬಂದಾಗ ಬಟ್ಟೆ ಹರಿದ ಹಾಗೆ ಸದ್ದು. 'ಸ' ಅಕ್ಷರವೆಲ್ಲ ಉಗುಳಿದಂತೆ. ಕಾರಣ ಸರಳ. ಎಲ್‌ಪಿ ನಿಮಿಷಕ್ಕೆ 33⅓ ಸುತ್ತು ತಿರುಗುತ್ತದೆ. ಹೊರಗಿನ ಅಂಚಿನಲ್ಲಿ ಸೂಜಿಯ ಕೆಳಗೆ ಸೆಕೆಂಡಿಗೆ ಸುಮಾರು 51 ಸೆಂಟಿಮೀಟರ್ ಗೀರು ಹಾದುಹೋದರೆ, ಒಳಗಿನ ಕೊನೆಯಲ್ಲಿ ಬರೀ 21. ಅದೇ ಸ್ವರವನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಬರೆಯಬೇಕು. ಅಲ್ಲಿ ಎತ್ತರದ ಸ್ವರ ನಿಲ್ಲುವುದಿಲ್ಲ. ಅದನ್ನು ನಾನು ಮೊದಲೇ ನೋಡಬೇಕಿತ್ತು, ನೋಡಿರಲಿಲ್ಲ. ಆ ಹಾಡನ್ನು ಎರಡನೇ ಬದಿಯ ಮೊದಲಿಗೆ ತಂದು, ಮತ್ತೆ ಕೆತ್ತಿಸಿ, ಮತ್ತೆ ಪರೀಕ್ಷೆ ಪ್ರತಿ ತರಿಸಿ ಮುಗಿಸುವಷ್ಟರಲ್ಲಿ ಹನ್ನೊಂದು ವಾರ ಜಾಸ್ತಿ ಹಿಡಿಯಿತು. ಮೊದಲೇ ದುಡ್ಡು ಕೊಟ್ಟವರಿಗೆ ಲೇಬಲ್‌ನವರು ಎರಡು ಸಲ ಕ್ಷಮೆ ಕೇಳಿ ಪತ್ರ ಬರೆದರು. ನಿಮ್ಮಂತೆಯೇ ಕೆಲವರು ದುಡ್ಡು ಹೋಯಿತು ಅಂದುಕೊಂಡಿರಬಹುದು.

ಹಾಗಾಗಿ ದಿನಾಂಕ ಮುಂದೆ ಹೋದದ್ದಕ್ಕಿಂತ ಲೇಬಲ್ ಹೇಗೆ ಮಾತಾಡುತ್ತಿದೆ ಅನ್ನುವುದನ್ನು ನೋಡಿ. 'ಟೆಸ್ಟ್ ಪ್ರೆಸಿಂಗ್ ಒಪ್ಪಿಗೆಯಾಗಿದೆಯಾ? ಕವರ್ ಅಚ್ಚಾಗಿದೆಯಾ? ಕಾರ್ಖಾನೆ ಕೊಟ್ಟ ದಿನಾಂಕ ಯಾವುದು?' ಅಂತ ಮೂರೇ ಪ್ರಶ್ನೆ ಕೇಳಿ ಬರೆಯಿರಿ. ಕೆಲಸ ನಡೆಯುತ್ತಿದ್ದರೆ ಮೂರಕ್ಕೂ ನೇರ ಉತ್ತರ ಬರುತ್ತದೆ. 'ಸದ್ಯದಲ್ಲೇ ಬರುತ್ತದೆ' ಅಂತಷ್ಟೇ ಬಂದರೆ ಎಚ್ಚರವಿರಲಿ. ಹಳೇ ಪ್ರೀ-ಆರ್ಡರ್ ಯಾರಿಗೂ ತಲುಪದೆ ಇರುವಾಗ ಅದೇ ಲೇಬಲ್ ಹೊಸ ಹೊಸ ಪ್ರೀ-ಆರ್ಡರ್ ತೆರೆಯುತ್ತಿದ್ದರೆ ಅದು ಕೆಟ್ಟ ಲಕ್ಷಣ. ಒಬ್ಬರ ದುಡ್ಡಿನಲ್ಲಿ ಇನ್ನೊಬ್ಬರ ಸಾಲ ತೀರಿಸುತ್ತಿದ್ದಾರೆ ಅಂತ ಅರ್ಥ. ಬ್ಯಾಂಡ್‌ನವರನ್ನೂ ಕೇಳಬಹುದು, ಅವರಿಗೆ ನಿಜ ಗೊತ್ತಿರುತ್ತದೆ.

ದುಡ್ಡು ವಾಪಸ್ ಕೇಳುವ ವಿಷಯದಲ್ಲಿ ಒಂದು ಗಡಿ ಇದೆ. ಪೇಪಾಲ್‌ನಲ್ಲಿ ದೂರು ಕೊಡಲು ದುಡ್ಡು ಕಟ್ಟಿದ ದಿನದಿಂದ 180 ದಿನ ಸಮಯ. ನೀವು ಅದರಲ್ಲಿ ಕಟ್ಟಿದ್ದರೆ ಏಳು ತಿಂಗಳಿಗೆ ಆ ಗಡಿ ದಾಟಿದೆ. ಕಾರ್ಡ್‌ನಲ್ಲಿ ಕಟ್ಟಿದ್ದರೆ ಬ್ಯಾಂಕನ್ನು ಈಗಲೇ ಕೇಳಿ, ಬಿಡುಗಡೆಯ ದಿನಾಂಕ ಮುಂದೆ ಹೋದ ಪತ್ರಗಳನ್ನು ಜೊತೆಗಿಡಿ. ಮುಂದಿನ ಸಲ ಪ್ರೀ-ಆರ್ಡರ್ ಮಾಡಿದ ದಿನವೇ ಐದು ತಿಂಗಳ ನಂತರದ ದಿನಾಂಕಕ್ಕೆ ಫೋನಿನಲ್ಲಿ ಅಲಾರಂ ಇಟ್ಟುಬಿಡಿ. ಗೆಳೆಯರಿಗೆ ಕಳಿಸುವ ರೀತಿಯಲ್ಲಿ ದುಡ್ಡು ಕಳಿಸಿ ಅಂತ ಯಾವ ಮಾರಾಟಗಾರ ಕೇಳಿದರೂ ಒಪ್ಪಬೇಡಿ. ಹಾಗೆ ಕಳಿಸಿದ್ದಕ್ಕೆ ದೂರು ಕೊಡುವ ದಾರಿಯೇ ಇರುವುದಿಲ್ಲ. ಕಾಯಲು ಇಷ್ಟವಿಲ್ಲದಿದ್ದರೆ ಡಿಜಿಟಲ್ ಕೊಂಡು ಕೇಳುತ್ತಿರಿ, ಎಲ್‌ಪಿ ಕಾರ್ಖಾನೆಯಿಂದ ಹೊರಬಿದ್ದ ಸುದ್ದಿ ಬಂದ ಮೇಲೆ ಕೊಳ್ಳಿ. ಅಷ್ಟರಲ್ಲಿ ಖಾಲಿಯಾಗಿರುವ ಅಪಾಯ ಇದ್ದೇ ಇದೆ. ನನ್ನ ಅನುಭವದಲ್ಲಿ ಹಾಗಾಗುವುದು ಜನ ಹೆದರುವಷ್ಟು ಸಲ ಅಲ್ಲ.

ನಾಳೆಯೇ ಆ ಮೂರು ಪ್ರಶ್ನೆ ಬರೆದು ಕಳಿಸಿ. ಎಲ್‌ಪಿ ಕೈಗೆ ಬಂದ ದಿನ ಮೊದಲ ಹಾಡಿನಿಂದ ಶುರು ಮಾಡಬೇಡಿ. ಮೊದಲ ಬದಿಯ ಕೊನೆಯ ಹಾಡಿನ ಮೇಲೆ ಸೂಜಿ ಇಡಿ. ದನಿ ಎತ್ತರಕ್ಕೆ ಏರಿದಾಗಲೂ ಹರಿಯದೆ ನಿಂತರೆ, ಆ ಏಳು ತಿಂಗಳಲ್ಲಿ ಯಾರೋ ಕೂತು ಕೇಳಿ ಸರಿಮಾಡಿದ್ದಾರೆ ಅಂತ ತಿಳಿಯಿರಿ. ನಿಂತಿತಾ ಇಲ್ಲವಾ ಅಂತ ನನಗೂ ಒಂದು ಸಾಲು ಬರೆಯಿರಿ.